ನಾಳ್, ನೇರಂ ಮತ್ತು ಎಂಟು ಅಕ್ಷರದ ದಿನಾಂಕ

ದೊಡ್ಡಗಾಜನೂರು,
ಗುರುವಾರ, ಜುಲೈ ತಿಂಗಳ ಏಳನೆಯ ತಾರೀಖು, ಸಾವಿರದ ಒಂಬೈನೂರ ಎಂಬತ್ತೆಂಟು
(ಅಂಕಿಯಲ್ಲಿ ಬರೆಯುವ ಧೈರ್ಯ ಉಳಿದಿಲ್ಲ)

ಮಾನ್ಯ ಗಣಕಯಂತ್ರ ಮಹಾಶಯರೇ,

ಜಿಲ್ಲಾ ಕೇಂದ್ರದ ನರ್ಸ್ ತರಬೇತಿ ಆಯ್ಕೆ ಕಚೇರಿಯ ಒಳಕೋಣೆಯಲ್ಲಿ, ಆ ಕಚೇರಿಯ ಯಾವ ಮನುಷ್ಯರಿಗೂ ದೊರೆಯದ ತಂಪು ಗಾಳಿಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಬಂದವರಿಗಷ್ಟೇ ದರ್ಶನ ಕೊಡುತ್ತ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ತಮಗೆ ಪಾದಗಳಿದ್ದ ಪಕ್ಷದಲ್ಲಿ, ತಮಿಳು ಸೀಮೆಗೆ ಸೇರಿದ ತಾಳವಾಡಿ ಫಿರ್ಕಾದ ರೈತ ರುದ್ರಸ್ವಾಮಿಯ ಶರಣು. ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಹೋದಾಗ ತಮಗೆ ಎಚ್ಚರ ತಪ್ಪುತ್ತದೆಂದು ಕೇಳಿ ನಮ್ಮ ಮನೆಯವರೆಲ್ಲ ಕೊರಗಿದ್ದೇವೆ.

ನನ್ನ ಪರಿಚಯ ತಮಗೆ ಇರಲಾರದು. ಊರಿಗೆ ಬರುವ ತಮಿಳು, ಇಂಗ್ಲಿಷ್ ಕಾಗದಗಳನ್ನೆಲ್ಲ ಜಗಲಿಯ ಮೇಲೆ ಕುಳಿತು ಓದಿ ಹೇಳುವವನು, ಅರ್ಜಿ ಬರೆದುಕೊಡುವವನು ನಾನೇ. ಇಪ್ಪತ್ತು ವರ್ಷದಲ್ಲಿ ನನ್ನ ಓದು ತಪ್ಪಿತೆಂದು ಯಾರೂ ಹೇಳಿರಲಿಲ್ಲ. ಆ ಕೀರ್ತಿ ತಮ್ಮಿಂದ ಕಳೆಯಿತು, ಅದಕ್ಕಾಗಿ ಮೊದಲ ವಂದನೆ.

ಮೇ ತಿಂಗಳ ಐದನೆಯ ತಾರೀಖು, ಇನ್ನೂ ಬಿಸಿಲೇರುವ ಮೊದಲೇ, ಅಂಚೆಯ ಮಲ್ಲಪ್ಪ ನಮ್ಮ ಮಗಳು ಶಾಂತಮಲ್ಲಮ್ಮನ ಹೆಸರಿಗೆ ತಮ್ಮ ಕಾಗದ ತಂದುಕೊಟ್ಟ. ಸಂದರ್ಶನದ ಕರೆ. ತಮಿಳಿನಲ್ಲಿ ಅಚ್ಚಾದ ನಮೂನೆ, ಅದರ ಎರಡು ಪುಟ್ಟ ಚೌಕಗಳಲ್ಲಿ ತಾವು ಸ್ವಹಸ್ತದಿಂದ ಕುಟ್ಟಿದ ಅಂಕಿಗಳು. ನಾನು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ: ನಾಳ್, 05/06/88. ನೇರಂ, 10:30:00. ತಮಿಳಿನಲ್ಲಿ ನಾಳ್ ಎಂದರೆ ದಿನಾಂಕ, ನೇರಂ ಎಂದರೆ ಸಮಯ. ಇದು ಈ ಬೆಟ್ಟದಲ್ಲಿ ಬಸ್ಸು ಕಾಯುವವರಿಗೆಲ್ಲ ಗೊತ್ತು. ಗೊತ್ತಿಲ್ಲದವಳು ನನ್ನ ಹೆಂಡತಿ ಚನ್ನಬಸಮ್ಮ ಒಬ್ಬಳೇ. ಗಡಿಯಾಚೆ ಚಾಮರಾಜನಗರದ ಕಡೆ ಹುಟ್ಟಿ ಬಂದವಳು, ತಮಿಳನ್ನು ಇಂದಿಗೂ ಕನ್ನಡದ ಕಿವಿಯಿಂದಲೇ ಕೇಳುತ್ತಾಳೆ. ಅವಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, “ನಾಳ ನೇರ ಬನ್ನಿ ಅಂತ ತಾನಾ ಬರದಿರದು? ಮತ್ಯಾಕ ಕುಂತಿದ್ದೀರಿ? ಬಟ್ಟ ಮಡಿಸ್ಲಾ?” ಎಂದಳು.

ನಾನು ನಕ್ಕೆ. ಮಲ್ಲಪ್ಪ ಸೈಕಲ್ಲು ಹಿಡಿದುಕೊಂಡೇ ನಕ್ಕ. ಐದು ಅಂದರೆ ಐದನೆಯ ತಾರೀಖು, ಆರು ಅಂದರೆ ಆರನೆಯ ತಿಂಗಳು, ಜೂನ್ ಐದಕ್ಕೆ ಇನ್ನೂ ಒಂದು ತಿಂಗಳಿದೆ ಎಂದು ಅವಳಿಗೆ ಬೆರಳು ಮಡಿಸಿ ಲೆಕ್ಕ ಹೇಳಿದೆ. ಅವಳು ಒಳಗೆ ಹೋದಳು.

ಜೂನ್ ಐದು ಭಾನುವಾರವೆಂದು ಗೋಡೆಯ ಕ್ಯಾಲೆಂಡರು ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಅದನ್ನು ನೋಡಿಯೂ ನನಗೆ ಸಂಶಯ ಬರಲಿಲ್ಲ. ಭಾನುವಾರವೂ ಬಾಗಿಲು ತೆರೆಯುವ ಕಚೇರಿಯೆಂದರೆ ಎಂಥ ಶ್ರದ್ಧೆ ಎಂದು ಮೆಚ್ಚಿಕೊಂಡೆ. ಹತ್ತೂವರೆಯ ಮುಂದೆ ತಾವು ಸೆಕೆಂಡಿನ ಸೊನ್ನೆಗಳನ್ನೂ ನಮೂದಿಸಿದ್ದರಿಂದ, ದಿಂಬಂ ಘಾಟಿಯ ತಿರುವಿನಲ್ಲಿ ಆನೆ ನಿಂತು ಬಸ್ಸು ತಡವಾದರೆ ಎಷ್ಟು ಸೆಕೆಂಡಿನವರೆಗೆ ಮಾಫಿ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಒಂದು ದಿನ ಮುಂಚೆಯೇ ಹೊರಟು, ಭಾನುವಾರ ಹೊತ್ತಿಗೆ ಸರಿಯಾಗಿ ತಲುಪಿದೆವು. ಬಾಗಿಲಿಗೆ ಬೀಗ. ಮರುದಿನ ಸೋಮವಾರ ಗುಮಾಸ್ತರು ಕಾಗದ ನೋಡಿ, ಇದು ಮೇ ಆರನೆಯ ತಾರೀಖಿನ ಕರೆ, ಒಂದು ತಿಂಗಳು ತಡವಾಗಿ ಬಂದಿದ್ದೀರಿ ಎಂದರು.

ಮೇ ಆರು. ಅಂದರೆ ಕಾಗದ ಬಂದ ಮಾರನೆಯ ದಿನ. ಅಂದರೆ, ಮಹಾಶಯರೇ, ನಾಳೆ.

ತಮ್ಮ ಸೇವೆಯಲ್ಲಿರುವ ಆಪರೇಟರ್ ಅಮ್ಮನವರು ಒಳ್ಳೆಯವರು. ಶಾಂತಮಲ್ಲಮ್ಮನ ಮುಖ ನೋಡಿ ನಮ್ಮನ್ನು ಒಳಗೆ ಬಿಟ್ಟು ಎಲ್ಲ ವಿವರಿಸಿದರು. ತಮಗೆ ಸಾಲುಸಾಲಾಗಿ ಆಜ್ಞೆ ಬರೆದಿಟ್ಟಿರುತ್ತಾರಂತೆ, ತಾವು ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದಿ ಹಾಗೇ ಮಾಡುತ್ತೀರಂತೆ. ತಮ್ಮ ಹೊಟ್ಟೆಯೊಳಗೆ ದಿನಾಂಕವು ಒಂದೇ ಸಂಖ್ಯೆಯಾಗಿ ಗೊಂದಲವಿಲ್ಲದೆ ಮಲಗಿರುತ್ತದಂತೆ, ಅದನ್ನು ಅಕ್ಷರ ಮಾಡಿ ಹೊರಗೆ ಕಳಿಸುವಾಗ ಮಾತ್ರ ಯಾವ ದೇಶದ ಪದ್ಧತಿ ಎಂದು ಒಂದು ಸಾಲಿನಲ್ಲಿ ಹೇಳಬೇಕಂತೆ. ಆ ಸಾಲನ್ನು ಯಾರೂ ಬರೆದಿರಲಿಲ್ಲ. ಹೇಳದಿದ್ದರೆ ತಾವು ಅಮೆರಿಕದವರಂತೆ ತಿಂಗಳನ್ನು ಮುಂದಿಡುತ್ತೀರಿ. ಸರಿಪಡಿಸಲು ‘ಬ್ರಿಟಿಷ್’ ಎಂಬ ಒಂದು ಪದ ಸಾಕು ಎಂದರು. ನಲವತ್ತು ವರ್ಷದ ಹಿಂದೆ ನಾವು ಓಡಿಸಿದವರನ್ನು ನನ್ನ ಮಗಳ ಭವಿಷ್ಯಕ್ಕಾಗಿ ವಾಪಸು ಕರೆಯಬೇಕಾಯಿತಲ್ಲ ಎಂದು ನಾನು ಆ ತಂಪಿನಲ್ಲೂ ಬೆವತೆ.

ಹಾಗಿದ್ದರೆ ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆಯಬಾರದೇ ಎಂದು ಕೇಳಿದೆ. ಅದಕ್ಕೂ ಆಜ್ಞೆಯಿದೆ, ಆದರೆ ಚೌಕದಲ್ಲಿ ಎಂಟು ಅಕ್ಷರಕ್ಕಷ್ಟೇ ಜಾಗವಿದೆ ಎಂದರು. ನನ್ನ ಮಗಳ ಬದುಕು ಒಂಬತ್ತನೆಯ ಅಕ್ಷರವಾಗಿ ಚೌಕದ ಹೊರಗೆ ಬಿತ್ತು.

ವಾಪಸು ಬರುವಾಗ ಹಾಸನೂರಿನಲ್ಲಿ ಬಸ್ಸು ಹತ್ತಿದ ನಂಜಯ್ಯನ ಮಗಳಿಗೂ ತಮ್ಮಿಂದ ಕರೆ ಬಂದಿತ್ತೆಂದು ತಿಳಿಯಿತು. ಆಕೆಗೆ ತಾವು ಬರೆದದ್ದು 05/13/88. ಈ ವರ್ಷ ಅಧಿಕ ಜ್ಯೇಷ್ಠ ಬಂದಿದೆಯಲ್ಲ, ಸರಕಾರವೂ ಹದಿಮೂರನೆಯ ತಿಂಗಳು ಹಿಡಿದಿರಬೇಕೆಂದು ನಂಜಯ್ಯ ಅಂದುಕೊಂಡನಂತೆ. ಆದರೆ ಅದು ಯಾವಾಗ ಬರುತ್ತದೆಂದು ತಿಳಿಯದೆ, ಕಾಗದ ಬಂದ ಮಾರನೆಯ ದಿನವೇ ಬೆಟ್ಟ ಇಳಿದು ಕಚೇರಿಯಲ್ಲಿ ಕೇಳಿಕೊಂಡು ಬಂದನಂತೆ. ಅವನ ಮಗಳಿಗೆ ಸೀಟು ಸಿಕ್ಕಿತು. ಅವನಿಗೆ ಹುಚ್ಚು ತಾರೀಖು ಕೊಟ್ಟು ಕಾಪಾಡಿದಿರಿ, ನನಗೆ ಸಭ್ಯ ತಾರೀಖು ಕೊಟ್ಟು ಮುಳುಗಿಸಿದಿರಿ. ತಮ್ಮ ಕೃಪೆ ಯಾರ ಮೇಲೆ ಹೇಗೆ ಬೀಳುತ್ತದೆಂದು ಬಲ್ಲವರಾರು!

ಮುಂದಿನ ವರ್ಷಕ್ಕೆ ಶಾಂತಮಲ್ಲಮ್ಮನ ವಯಸ್ಸು ಮೀರುತ್ತದೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ತಾಳವಾಡಿಯಲ್ಲಿ ಇಳಿಯುವಾಗ, “ಅಪ್ಪಾ, ಅವ್ವ ನಾಳ ಅಂತ ಅವತ್ತೇ ಏಳ್ತಲ್ಲ” ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನಗೆ ಅಳು ಬಂತು, ಬಸ್ಸಿನ ಧೂಳು ಎಂದೆ.

ಆದಕಾರಣ ತಮ್ಮಲ್ಲಿ ನನ್ನ ವಿನಯಪೂರ್ವಕ ಬೇಡಿಕೆಗಳಿವೆ. ಇನ್ನು ಮುಂದೆ ನಮ್ಮ ಬೆಟ್ಟಕ್ಕೆ ಬರೆಯುವಾಗ ಅಮೆರಿಕ, ಬ್ರಿಟಿಷ್ ಎರಡನ್ನೂ ಬಿಟ್ಟು ‘ತಾಳವಾಡಿ’ ಎಂಬ ಮೂರನೆಯ ಆಜ್ಞೆಯನ್ನು ಕಲಿಯಬೇಕು. ಅದರಂತೆ ದಿನಾಂಕವನ್ನು ‘ಅಮಾವಾಸ್ಯೆ ಕಳೆದ ಮೂರನೆಯ ಶುಕ್ರವಾರ’ ಎಂದೂ, ಸಮಯವನ್ನು ‘ಮೊದಲ ಬಸ್ಸು ಇಳಿದು, ಒಂದು ಕಾಫಿ ಕುಡಿದ ಮೇಲೆ, ಆನೆ ನಿಂತ ಹೊತ್ತು ಸೇರಿಸಿಕೊಂಡು’ ಎಂದೂ ಬರೆಯಬೇಕು. ಎಂಟು ಅಕ್ಷರದಲ್ಲಿ ಹಿಡಿಯದಿದ್ದರೆ ಚೌಕವನ್ನು ನಾನೇ ಬಂದು ಅಡಿಪಟ್ಟಿಯಿಟ್ಟು ದೊಡ್ಡದಾಗಿ ಗೀಚಿಕೊಡುತ್ತೇನೆ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಮಲ್ಲಪ್ಪ ತಮ್ಮ ಇನ್ನೊಂದು ಕಾಗದ ಹಿಡಿದು ಮತ್ತೆ ಬಂದ. ಎರಡನೆಯ ಪಟ್ಟಿಯಲ್ಲಿ ಶಾಂತಮಲ್ಲಮ್ಮನ ಹೆಸರಿದೆಯಂತೆ. ನಾಳ್, 07/08/88. ಆ ಆಪರೇಟರ್ ಅಮ್ಮನವರು ‘ಬ್ರಿಟಿಷ್’ ಎಂದು ಬರೆದಿದ್ದರೆ ಆಗಸ್ಟ್ ಏಳು, ಮರೆತಿದ್ದರೆ ಜುಲೈ ಎಂಟು. ಇಂದು ಜುಲೈ ಏಳು, ಏಳನೆಯ ತಿಂಗಳ ಏಳು. ತಿಂಗಳು ಮುಂದಿಟ್ಟರೂ ಹಿಂದಿಟ್ಟರೂ ತಾವು ಸರಿಯಾಗಿ ಬರೆಯಬಲ್ಲ ದಿನ ಇದು, ಕರೆ ಮಾತ್ರ ಇವತ್ತಿನದಲ್ಲ. ಆಗಸ್ಟ್ ಏಳು ಮತ್ತೆ ಭಾನುವಾರ. ನಾನು ಕ್ಯಾಲೆಂಡರಿನ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದೆ. ಆಮೇಲೆ ಕಾಗದವನ್ನು ಒಳಗೆ ತೆಗೆದುಕೊಂಡು ಹೋಗಿ, ಮೊದಲಿನಂತೆಯೇ ಗಟ್ಟಿಯಾಗಿ, ಚನ್ನಬಸಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಿಸತೊಡಗಿದಳು.

ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದೇವೆ. ನಾಳೆ, ನೇರ, ತಮ್ಮಲ್ಲಿಗೇ. ಈ ಪತ್ರವನ್ನೂ ಕೈಯಲ್ಲೇ ತರುತ್ತಿದ್ದೇನೆ, ಇದರ ಒಂದು ಪ್ರತಿಯನ್ನು ಪತ್ರಿಕೆಗೆ ಹಾಕಿದ್ದೇನೆ.

ಇಂತು, ಐದನ್ನು ಆರೆಂದೂ ಆರನ್ನು ಐದೆಂದೂ ಓದಲು ಈಗಷ್ಟೇ ಕಲಿತ,
ತಮ್ಮ ವಿಶ್ವಾಸಿ,
ರುದ್ರಸ್ವಾಮಿ

ತಾ.ಕ.: ತಮಗೆ ಏನಾದರೂ ಹೇಳುವುದಿದೆಯೇ ಎಂದು ಚನ್ನಬಸಮ್ಮನನ್ನು ಕೇಳಿದೆ. “ತಿಳೀದಿದ್ರ ಇನ್ನೊಬ್ರ ಕೇಳ್ಬೇಕು, ಅದರಲ್ಲಿ ನಾಚ್ಕ ಏನು ಅಂತ ಬರೀರಿ” ಎಂದಳು. ತಮಗೆಂದೇ ಬರೆದಿದ್ದೇನೆ, ಹೇಳುವಾಗ ಅವಳು ನೋಡುತ್ತಿದ್ದುದು ಮಾತ್ರ ನನ್ನನ್ನು.