ಲಗ್ನಪತ್ರಿಕೆಯ ಆನೆ

ತರಬೇತಿಗೆ ಹೋಗದ ಮೇಷ್ಟ್ರಿಂದ ಮಕ್ಕಳಿಗೆ ಅಂಥ ಅಪಾಯವೇನೂ ಇಲ್ಲ; ತರಬೇತಿ ಮುಗಿಸಿ ಬಂದ ಮೇಷ್ಟ್ರ ಹತ್ತಿರ ಮಾತ್ರ ಒಂದು ವಾರ ಯಾರೂ ಸುಳಿಯಬಾರದು. ಹೊಟ್ಟೆಕಿಚ್ಚಿಗೆ ಯಾರನ್ನೋ ಕುರಿತು ಹೇಳುತ್ತಿಲ್ಲ, ನನ್ನನ್ನೇ ಕುರಿತು ಹೇಳುತ್ತಿದ್ದೇನೆ. ಶಾಲೆಗಳಲ್ಲಿ ಬಿಸಿಯೂಟ ಹೊಸದಾಗಿ ಶುರುವಾಗಿದ್ದ ಕಾಲ. ದೇವನೂರಿನ ಪಕ್ಕದ ಹಳ್ಳಿಯಲ್ಲಿ ಒಂದು, ಎರಡನೇ ಕ್ಲಾಸು ನನ್ನ ಪಾಲಿಗಿದ್ದವು. ನಂಜನಗೂಡಿನಲ್ಲಿ ಮೂರು ದಿನ ಕೂರಿಸಿ ನಮಗೆ ಕೊಲಾಜ್ ಕಲಿಸಿದರು. ಬಣ್ಣದ ಕಾಗದ ಹರಿದು ಅಂಟಿಸಿದರೆ ಮಗುವಿನ ಮನಸ್ಸು ಅರಳುತ್ತದಂತೆ. ಕಾಗದ ಯಾರು ಕೊಡುತ್ತಾರೆ ಅಂತ ಕೇಳಿದೆ. "ಸ್ಥಳೀಯ ಸಂಪನ್ಮೂಲ ಬಳಸಿಕೊಳ್ಳಿ" ಅಂದರು. ಯಾರೂ ಕೊಡುವುದಿಲ್ಲ ಅನ್ನುವುದನ್ನು ಸರ್ಕಾರಿ ಕನ್ನಡದಲ್ಲಿ ಹಾಗೆ ಹೇಳುತ್ತಾರೆ.

ಸೋಮವಾರ ಬಂದವನೇ ಮಕ್ಕಳಿಗೆ, "ನಾಳೆ ಮನೇಲಿರೋ ಬಣ್ಣದ ಕಾಗದ ಏನಿದ್ರೂ ತನ್ನಿ" ಅಂದೆ. ಏಳು ವರ್ಷದವರ ಮುಂದೆ "ಏನಿದ್ರೂ" ಅನ್ನುವ ಮಾತಾಡಬಾರದು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಬೀಡಿ ಕಟ್ಟಿನ ಕಾಗದ, ಹಳೇ ಕ್ಯಾಲೆಂಡರು, ಗೋಡೆಯಿಂದ ಕಿತ್ತ ಚುನಾವಣೆ ಪೋಸ್ಟರು ಎಲ್ಲ ಬಂದವು. ಎರಡನೇ ಕ್ಲಾಸಿನ ಶೋಭ ಒಂದು ಕಟ್ಟು ಹೊಸ ಗುಲಾಬಿ ಕಾಗದವನ್ನೇ ತಂದಿದ್ದಳು. ಮೂಲೆಗೆಲ್ಲ ಅರಿಸಿನ ಹಚ್ಚಿತ್ತು, ನಡುವೆ ಅಕ್ಷರ ಅಚ್ಚಾಗಿತ್ತು. ನಾನು ಓದಲಿಲ್ಲ. ಓದು ಕಲಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವನು ಓದಲಿಲ್ಲ! "ಭೇಷ್, ಎಲ್ಲಾನೂ ಹರಿ" ಅಂದೆ. ಗೋಂದಿಲ್ಲದ್ದಕ್ಕೆ ಬಿಸಿಯೂಟದ ಅನ್ನ ಬಳಸಿದೆವು. ಅದು ಅಂಟಲು ಮೊದಲಿಂದಲೂ ಸಿದ್ಧವಾಗಿಯೇ ಇತ್ತು. ಶೋಭಳ ಆನೆ ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನು ಗೋಡೆಗೆ ನೇತುಹಾಕಿದೆ.

ಮಾರನೇ ದಿನ ಅವಳ ಅಜ್ಜಿ ಪುಟ್ಟತಾಯಮ್ಮ ಬಂದು ಗೋಡೆಯ ಮುಂದೆ ನಿಂತರು. ಓದು ಬಾರದಿದ್ದರೂ ತಾವೇ ಹಚ್ಚಿದ ಅರಿಸಿನ ಗುರುತಾಯಿತು. "ಸಾ, ನಮ್ ಕಿರೀ ಮಗ್ಳು ಮಂಗಳನ ಲಗ್ನಪತ್ರಿಕೆ ಕಣ್ಸಾ ಇದು! ಬನ್ನೂರಿನ ಬೀಗ್ರ ಕಡೆಯೋರ್ಗೆ ಅಂತ ಎತ್ತಿಟ್ಟಿದ್ವಿ. ಕೈಲಿ ಪತ್ರಿಕೆ ಇಲ್ದೆ ಯಾವ್ ಮಕ ಇಟ್ಕಂಡು ಓಗಿ ಕರೆಯನ? ಅವ್ರು ಮುನಿಸ್ಕಂಡು ಬರ್ದೆ ಓದ್ರೆ?" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಶೋಭ ಅವರ ಬೆನ್ನ ಹಿಂದಿನಿಂದ, "ಮೇಷ್ಟ್ರೇ ಏಳಿದ್ರು ಕಣಜ್ಜಿ, ಏನಿದ್ರೂ ತನ್ನಿ ಅಂತ" ಅಂದಳು. ಮದುವೆಗೆ ಐದೇ ದಿನ, ಮತ್ತೆ ಅಚ್ಚು ಹಾಕಿಸುವಷ್ಟು ಹೊತ್ತಿರಲಿಲ್ಲ. "ನಾನೂ ಬರ್ತೀನಿ ಕಣಮ್ಮ, ತಪ್ಪು ನಂದು ಅಂತ ನಾನೇ ಹೇಳ್ತೀನಿ" ಅಂದೆ.

ಆನೆಯನ್ನು ಸುರುಳಿ ಸುತ್ತಿ, ರಜೆ ಹಾಕಿ, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಬನ್ನೂರಿಗೆ ಹೋದೆವು. ಮೊದಲನೇ ಮನೆಯ ಹಿರಿಯರು ಕನ್ನಡಕ ಹಾಕಿಕೊಂಡು ಆನೆಯನ್ನು ಓದಿದರು. ಹೊಟ್ಟೆಯಲ್ಲಿ ಹುಡುಗಿಯ ಹೆಸರು, ಹಿಂಗಾಲಲ್ಲಿ ಹುಡುಗನ ಹೆಸರು, ಬಾಲದಲ್ಲಿ ಮುಹೂರ್ತ.

"ಎಲ್ಲಾ ಸರಿ. ಛತ್ರ ಎಲ್ಲದೆ?"

"ಸೊಂಡಿಲಲ್ಲಿ ಇರಬೇಕು ಸಾರ್."

"ಮಾಡ್ದೋರ್ಯಾರು?"

"ಎರಡನೇ ಕ್ಲಾಸಿನ ಮಗು."

"ಮಾಡ್ಸ್ದೋರು?"

ಅವರು ಕೊಟ್ಟಿದ್ದ ನೀರನ್ನು ನಾನು ಕುಡಿಯತೊಡಗಿದೆ. ಹಿರಿಯರು ಪುಟ್ಟತಾಯಮ್ಮನ ಕಡೆ ತಿರುಗಿ ಇದ್ದಕ್ಕಿದ್ದಂತೆ ನಕ್ಕರು. "ಪತ್ರಿಕೆ ಎಲ್ಲಾರೂ ಕೊಡ್ತರೆ ಕಣವ್ವ, ಮೇಷ್ಟ್ರನ್ನೇ ಕರ್ಕಂಡ್ ಬಂದೋರ್ನ ನಾ ಕಾಣೆ. ಬತ್ತೀವಿ, ಎಲ್ಲಾರೂ ಬತ್ತೀವಿ." ಉಳಿದ ಮನೆಗಳಿಗೂ ಅವರೇ ಮುಂದೆ ನಡೆದರು.

ಬಂದರು ಕೂಡ. ಮದುವೆಯಲ್ಲಿ ಹೆಣ್ಣುಗಂಡಿಗಿಂತ ನನ್ನನ್ನೇ ಹೆಚ್ಚು ಜನ ನೋಡಿದರು. ಮುಂದಿನ ವಾರ ಊರಿನವರೊಬ್ಬರು ಕಂಕುಳಲ್ಲಿ ಒಂದು ಕಟ್ಟು ಹಿಡಿದು ಶಾಲೆಗೆ ಬಂದರು. "ಸಾ, ನಮ್ಮನೇಲೂ ಮದ್ವೆ ಅದೆ. ಆನೆಗೆ ಪತ್ರಿಕೆ ನಾವೇ ಅರ್ದು ತರ್ಬೇಕಾಗಿತ್ತಾ, ಇಲ್ಲ ನೀವೇ ಅರ್ಕತೀರಾ?"

ಅವರನ್ನು ಗದರಿ ಕಳಿಸಬೇಕಿತ್ತು. ಆದರೆ ಕಟ್ಟಿನೊಳಗೆ ಕಡುನೀಲಿ ಕಾಗದ ಕಾಣಿಸಿತು. ಒಳ್ಳೇ ನವಿಲಾಗುತ್ತಲ್ಲ ಅನ್ನಿಸಿಬಿಟ್ಟಿತು.