ಖಂಡೇನವಮಿಯ ದಿನ ಲಾಗಿನ್

ಯಾವುದು ಕೆಟ್ಟರೂ ಮೊದಲು ನನ್ನದೇ ತಪ್ಪಿರಬೇಕು ಎಂದುಕೊಳ್ಳುವ ಜಾಯಮಾನ ನನ್ನದು. ಕರೆಂಟು ಹೋದರೆ, ಓಣಿಗೆಲ್ಲ ಹೋಗಿದೆಯೇ ಎಂದು ನೋಡುವ ಮೊದಲೇ ಮಿಕ್ಸರಿನ ಪ್ಲಗ್ಗು ಕಿತ್ತಿರುತ್ತೇನೆ. ಮದುವೆಯಾಗಿ ಹದಿನೆಂಟು ವರ್ಷವಾಯಿತು, ಅತ್ತೆ ಕೆಮ್ಮಿದರೆ ಈಗಲೂ ಒಗ್ಗರಣೆಗೆ ಖಾರ ಹೆಚ್ಚಾಯಿತೇನೋ ಎಂದು ಓಡುತ್ತೇನೆ. ಸಾಕಾಗಿದೆ, ಆದರೆ ಬಿಡುವುದಿಲ್ಲ.

ನಾನು ರಾಯಬಾಗದ ಮನೆಯಲ್ಲೇ ಕೂತು ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ಕಡಿಯುವ ಪಾಳಿಯ ಪ್ರೋಗ್ರಾಮು ನೋಡಿಕೊಳ್ಳುವವಳು. ಅದರ ಹಳೆಯ, ಹೊಸ ಪ್ರತಿಗಳೆಲ್ಲ ಇರುವ ಸರ್ವರು ನಿಪ್ಪಾಣಿಯ ನಮ್ಮ ಆಫೀಸಿನಲ್ಲಿದೆ. ಮೊನ್ನೆ ಖಂಡೇನವಮಿಯ ದಿನ ನಸುಕಿನಲ್ಲೇ ಆಯುಧಪೂಜೆ ಮುಗಿಸಿ ನೋಡಿದರೆ, ಕಾರ್ಖಾನೆಯವರು ತಾರೀಖು ಬರೆಯುವ ರೀತಿ ಬದಲಿಸಿದ್ದರಿಂದ ಪಾಳಿಯ ಪಟ್ಟಿ ತಲೆಕೆಳಗಾಗಿತ್ತು. ಎಲ್ಲರಿಗಿಂತ ಮೊದಲು ನಾಟಿ ಮಾಡಿದ್ದ ನಮ್ಮ ಪಕ್ಕದ ಮನೆಯ ಬಾಬು ಕಾಕಾನ ಹೆಸರು ಕಟ್ಟಕಡೆಗೆ. ದಸರೆಯ ಮರುದಿನ ಪಟ್ಟಿ ಕಾರ್ಖಾನೆಯ ಹಲಗೆಗೆ ಹತ್ತಿದರೆ ಮುಗಿಯಿತು, ಅವನ ಕಬ್ಬು ಹೊಲದಲ್ಲೇ ಒಣಗಬೇಕು. ತಿದ್ದಿದೆ. ಕಳಿಸಲು ಸರ್ವರಿಗೆ ಲಾಗಿನ್ ಆಗಲೊಲ್ಲದು.

"ಏನವಾ, ನನ್ನ ಹೆಸರ ಮ್ಯಾಲೆ ಬಂತೇನ?" ಕಾಕಾ ಮುಂಜಾನೆಯಿಂದ ನನ್ನ ಪಕ್ಕದ ಕುರ್ಚಿ ಬಿಟ್ಟಿರಲಿಲ್ಲ.

"ಇಲ್ಲರಿ ಕಾಕಾ, ನಂದ ಏನೋ ತಪ್ಪಾಗೇತಿ."

"ಟ್ರ್ಯಾಕ್ಟರ್ ಸುರು ಆಗಲಿಲ್ಲಂದ್ರ ನಾ ಮೊದಲ ಡಿಸೇಲ್ ಐತೇನ್ ನೋಡ್ತೀನಿ."

ಕಾಕಾನಿಗೆ ಕಂಪ್ಯೂಟರ್ ಏನು ಗೊತ್ತು ಎಂದು ಮನಸ್ಸಿನಲ್ಲೇ ನಕ್ಕೆ. ಲ್ಯಾಪ್‌ಟಾಪು, ಇಂಟರ್ನೆಟ್ ಡಬ್ಬಿ ಎರಡನ್ನೂ ಆರಿಸಿ ಹಚ್ಚಿದೆ. ಸರ್ವರು ನನ್ನ ಗುರುತು ಹಿಡಿಯುವ ಕೀ ಫೈಲೇ ಕೆಟ್ಟಿರಬೇಕೆಂದು ಅದನ್ನು ಅಳಿಸಿ ಹೊಸದು ಮಾಡಿದೆ. "ಪೂಜಿ ಮಾಡಿದ್ದನ್ನ ಇವತ್ತ ಮುಟ್ಟಬಾರದವಾ" ಎಂದು ಲ್ಯಾಪ್‌ಟಾಪಿನ ಮೇಲಿನ ಕುಂಕುಮ ತೋರಿಸಿ ಅತ್ತೆ ಹೇಳಿದ್ದೂ ನೆನಪಾಗಿ, ಅದೂ ನನ್ನ ತಪ್ಪೇ ಅನ್ನಿಸಿತು. ಆ ಕಡೆಯಿಂದ ಉತ್ತರವೇ ಇಲ್ಲ ಎಂದು ಪರದೆ ಮಾತ್ರ ಪಾಪ, ಪ್ರತಿ ಸಲವೂ ಹೇಳುತ್ತಿತ್ತು.

ಮಧ್ಯಾಹ್ನ ನಿಪ್ಪಾಣಿ ಆಫೀಸಿನಲ್ಲಿ ಸರ್ವರು ನೋಡಿಕೊಳ್ಳುವ ಅಪ್ಪಾಸಾಹೇಬ ಕೊನೆಗೂ ಫೋನೆತ್ತಿದ. "ಖಂಡೇ ಪೂಜಿ ಅಲ್ಲೇನ್ರಿ ಅಕ್ಕಾರ? ಸರ್ವರ್ ಬಂದ್ ಮಾಡಿ, ಒರಸಿ, ಹಾರ ಹಾಕಿ ಇಟ್ಟೀನ್ರಿ. ನಾಳಿ ಮುಂಜಾನಿ ತನಕಾ ಮುಟ್ಟಂಗಿಲ್ಲ."

ಮರುದಿನ ಸರ್ವರು ಎದ್ದಿತು. ಎದ್ದದ್ದೇನೋ ಸರಿ, ನನ್ನನ್ನು ಗುರುತಿಸಲಿಲ್ಲ. ಅದಕ್ಕೆ ಗೊತ್ತಿದ್ದ ಕೀಯನ್ನು ನಾನೇ ಅಳಿಸಿದ್ದೆನಲ್ಲ! ಹೊಸದನ್ನು ಸೇರಿಸಬೇಕಾದ ಅಪ್ಪಾಸಾಹೇಬ ಸರ್ವರು ಹಚ್ಚಿಟ್ಟು, ಬನ್ನಿ ಕೊಡಲು ತನ್ನೂರು ಅಕ್ಕೋಳಕ್ಕೆ ಹೋಗಿಬಿಟ್ಟಿದ್ದ. ಸಂಜೆ ಅವನು ಬಂದು ನನ್ನನ್ನು ಒಳಗೆ ಬಿಟ್ಟುಕೊಳ್ಳುವವರೆಗೆ ನಾನು ಐದೈದು ನಿಮಿಷಕ್ಕೊಮ್ಮೆ ಲಾಗಿನ್ ಒತ್ತುತ್ತಲೇ ಇದ್ದೆ. ಅಂತೂ ತಿದ್ದುಪಡಿ ಮುಟ್ಟಿತು, ಪಟ್ಟಿಯಲ್ಲಿ ಕಾಕಾನ ಹೆಸರು ಮೇಲಕ್ಕೆ ಬಂತು.

ಅಷ್ಟರಲ್ಲಿ ಕಾಕಾನೇ ಬನ್ನಿ ಹಿಡಿದು ಬಂದ. "ಬಂಗಾರ ತಗೊಂಡ ಬಂಗಾರದಂಗ ಇರೂಣವಾ."

ಎಲೆ ತೆಗೆದುಕೊಂಡು, ಕಾಲಿಗೆ ಬಿದ್ದು, ಒಪ್ಪಿಕೊಂಡೆ: "ಕಾಕಾ, ಇವತ್ತ ತಡಾ ಆಗಿದ್ದು ಖರೇನ ನನ್ನ ತಪ್ಪರಿ."

"ಏ, ಬಿಡವಾ," ಎಂದು ಕಾಕಾ ನಕ್ಕ. "ನೀ ಯಾವಾಗಲೂ ಹಂಗ ಅಂತಿ."

ಇಷ್ಟು ವರ್ಷದಲ್ಲಿ ಹಕ್ಕಿನಿಂದ ನನ್ನದು ಎನ್ನಬಹುದಾದ ತಪ್ಪು ಅದೊಂದೇ. ಅದನ್ನೂ ಯಾರೂ ನಂಬಲಿಲ್ಲ.