ನಾಲ್ಕನೇ ನಿಯಮ ಮತ್ತು ಅಕ್ಕನ ನಲ್ಲಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಸರಿಯಾಗಿ ದೇಶದ ಆಡಳಿತವನ್ನು ಸೇನೆ ವಹಿಸಿಕೊಂಡಿತು. ಜಲ ಸರಬರಾಜು ಕಚೇರಿಗೆ ಆ ಹೊತ್ತಿಗೆ ಸಿಬ್ಬಂದಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅಲ್ಲಿ ಯಾವುದೇ ಪ್ರತಿರೋಧ ಕಂಡುಬರಲಿಲ್ಲ.

ಬಂದಿದ್ದವನು ಜವಾನ ಒಬ್ಬನೇ. ಸಾಹೇಬರ ಬಾಗಿಲ ಪಕ್ಕದ ಕುಂಟು ಸ್ಟೂಲಿನ ಮೇಲೆ ಕೂತು, ಗಂಟೆ ಬಾರಿಸಿದಾಗ ಓಡುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಮೈಮೇಲೆ ಖಾಕಿ ಕೋಟು, ಆರು ಹಿತ್ತಾಳೆ ಗುಂಡಿ, ಎದೆಯ ಮೇಲೊಂದು ಬಿಲ್ಲೆ. ಗುಂಡಿಗಳನ್ನು ದಿನಾ ಉಜ್ಜುತ್ತಿದ್ದ. ಕಚೇರಿಯಲ್ಲಿ ತನ್ನದು ಎನ್ನಲು ಬೇರೇನೂ ಇರಲಿಲ್ಲ. ಅವನ ಮನಸ್ಸನ್ನು ಕೊರೆಯುತ್ತಿದ್ದ ಸಂಗತಿ ಒಂದೇ. ಮನೆಗೊಂದು ನಲ್ಲಿ ಬೇಕೆಂದು ಅವನ ಅಕ್ಕ ಇದೇ ಕಚೇರಿಗೆ ಅರ್ಜಿ ಕೊಟ್ಟು ನಾಲ್ಕು ವರ್ಷವಾಗಿತ್ತು. ಮಂಡಿ ಸವೆದ ಹೆಂಗಸು, ದಿನಕ್ಕೆ ಆರು ಸಲ ಬೀದಿ ಕೊನೆಯಿಂದ ಕೊಡ ಹೊರುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಇವನನ್ನು ಸಾಕಿದವಳೂ ಅವಳೇ. ಆ ಕಡತವನ್ನು ಮೇಜಿನಿಂದ ಮೇಜಿಗೆ ಹೊತ್ತವನು ಇವನು.

ಮಧ್ಯಾಹ್ನ ಸೇನೆಯ ಸುತ್ತೋಲೆ ಬಂತು. ನಾಲ್ಕನೇ ನಿಯಮ ಹೀಗಿತ್ತು: “ಪ್ರತಿಯೊಂದು ಕಚೇರಿಯಲ್ಲಿ ಸಮವಸ್ತ್ರಧಾರಿಗಳ ಪೈಕಿ ಹಿರಿಯರೇ ಮುಖ್ಯಸ್ಥರು. ದರ್ಜೆ ತಿಳಿಯದಿದ್ದಲ್ಲಿ ವಯಸ್ಸನ್ನು ಪರಿಗಣಿಸತಕ್ಕದ್ದು.” ಇದನ್ನು ಬರೆದದ್ದು ದಂಡಿನ ಪಾಳೆಯದಲ್ಲಿ. ಅಲ್ಲಿ ಅಡುಗೆಯವನೂ ಸಮವಸ್ತ್ರದಲ್ಲೇ ಇರುತ್ತಾನೆ. ಬರೀ ಅಂಗಿಯಲ್ಲಿ ಓಡಾಡುವ ಜನರೂ ದೇಶದಲ್ಲಿದ್ದಾರೆಂಬುದು ಬರೆದವರ ಗಮನಕ್ಕೆ ಬಂದಿರಲಿಲ್ಲ. ಪಕ್ಕದ ಶಾಲೆಯ ಆಡಳಿತ ಏಳನೇ ತರಗತಿಯಲ್ಲಿ ಎರಡು ಸಲ ಫೇಲಾದ ಹುಡುಗಿಯ ಕೈಗೆ ಹೋಯಿತು. ಆಕೆ ಮೊದಲ ಆದೇಶದಲ್ಲೇ ಗಣಿತವನ್ನು ರದ್ದುಪಡಿಸಿದಳು.

ಎಂಜಿನಿಯರ್ ಸಾಹೇಬರು ಸುತ್ತೋಲೆಯನ್ನು ಎರಡು ಸಲ ಓದಿದರು. ತಮ್ಮ ಚೌಕಳಿ ಅಂಗಿಯನ್ನು ನೋಡಿಕೊಂಡರು. ಎದ್ದುಹೋಗಿ ಸ್ಟೂಲಿನ ಮೇಲೆ ಕೂತರು.

“ಇದರದ್ದು ಒಂದು ಕಾಲು ಗಿಡ್ಡ ಕಣಯ್ಯ.”

“ಹೌದು ಸಾರ್. ಅರ್ಜಿ ಕೊಟ್ಟು ಹತ್ತು ವರ್ಷ ಆಯ್ತು,” ಎಂದ ಜವಾನ, ಅವರ ಕುರ್ಚಿಯಲ್ಲಿ ಕೂರುತ್ತ.

ಕೂತವನೇ ಅಕ್ಕನ ಕಡತ ತರಿಸಿ ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಬೂಟಿನ ಸದ್ದಾಗಿ, ತಪಾಸಣೆಯ ಕ್ಯಾಪ್ಟನ್ ಒಳಗೆ ಬಂದ.

“ಹಳೇ ಸರ್ಕಾರದವು ಎಷ್ಟು ಅರ್ಜಿ ಬಾಕಿ ಇವೆ?”

“ಎಂಟುನೂರ ಹನ್ನೆರಡು ಸಾರ್. ಒಂದಕ್ಕೆ ಈಗ ಸಹಿ ಹಾಕ್ತಾ ಇದ್ದೀನಿ.”

“ಹಾಕ್ಬೇಡ! ಅವೆಲ್ಲ ಹಿಂದಿನವರ ವೈಫಲ್ಯಕ್ಕೆ ಸಾಕ್ಷಿ. ನೀನು ಮಂಜೂರು ಮಾಡಿಬಿಟ್ರೆ ನಾವು ಯಾವುದರ ಜೊತೆ ಹೋಲಿಸ್ಕೊಳ್ಳೋದು? ಸಾಕ್ಷಿ ನಾಶಕ್ಕೆ ಶಿಕ್ಷೆ ಏನು ಗೊತ್ತಾ?”

ಜವಾನನಿಗೆ ಗೊತ್ತಿರಲಿಲ್ಲ. ಆದರೂ ಮುಚ್ಚಳ ಹಾಕಿದ.

ಆಡಳಿತ ಪದ್ಧತಿಗಳ ತುಲನಾತ್ಮಕ ವರದಿಯೊಂದನ್ನು ಕೂಡಲೇ ಸಲ್ಲಿಸಬೇಕೆಂದು ಕ್ಯಾಪ್ಟನ್ ಆಜ್ಞಾಪಿಸಿದ. ಹೆಡ್ ಕ್ಲರ್ಕ್ ಮೂರು ಕಾಲಂ ಗೆರೆ ಎಳೆದು ಬರೆದ: “ರಾಜರ ಕಾಲ: ಪ್ರಭುಗಳು ಬೇಟೆಗೆ ತೆರಳಿದ್ದರಿಂದ ಬಾಕಿ. ಚುನಾಯಿತರ ಕಾಲ: ಮಂತ್ರಿಗಳು ಉದ್ಘಾಟನೆಗೆ ತೆರಳಿದ್ದರಿಂದ ಬಾಕಿ. ಸೇನೆಯ ಕಾಲ: ಶಿಸ್ತಿನಿಂದ ಬಾಕಿ.” ಕ್ಯಾಪ್ಟನ್‌ಗೆ ಮೂರನೆಯದು ಬಹಳ ಹಿಡಿಸಿತು. ಆದರೆ ಬರೀ ಕಾಗದ ಸಾಲದು, ಜೀವಂತ ಪುರಾವೆಯೂ ಬೇಕು ಎಂದ.

ಆಗಲೇ ಅಕ್ಕ ಬಂದಳು, ಸೊಂಟದಲ್ಲಿ ಖಾಲಿ ಕೊಡ.

“ನೀನೇ ಸಾಹೇಬ ಆದೆಯಂತಲ್ಲೋ! ಹಾಕು ಸಹಿ.”

“ಅಕ್ಕಾ, ನಿನ್ನ ಅರ್ಜಿ ಈಗ ಸಾಕ್ಷಿ ಆಗಿದೆ.”

“ಹಾಗಂದ್ರೆ ನೀರು ಬರುತ್ತಾ?”

“ಇಲ್ಲ. ಭದ್ರವಾಗಿರುತ್ತೆ.”

“ಏನು, ನೀರಾ?”

“ಅರ್ಜಿ.”

“ನಿನ್ನ ಮುಖಕ್ಕಿಷ್ಟು!” ಎಂದಳು ಅಕ್ಕ.

ಕ್ಯಾಪ್ಟನ್ ಅವಳನ್ನೂ ಕೊಡವನ್ನೂ ಮೇಲಿಂದ ಕೆಳಗೆ ನೋಡಿದ. ಸಂಜೆಯೊಳಗೆ ಆದೇಶವಾಯಿತು. ಅಕ್ಕ ಇನ್ನು ಮುಂದೆ “ಹಿಂದಿನ ಆಡಳಿತದ ವೈಫಲ್ಯದ ಅಧಿಕೃತ ಪುರಾವೆ.” ದಿನವೂ ಹನ್ನೊಂದು ಗಂಟೆಗೆ ತುಂಬಿದ ಕೊಡದೊಂದಿಗೆ ಅತಿಥಿಗಳಿಗೆ ಕಾಣಿಸಿಕೊಳ್ಳತಕ್ಕದ್ದು. ಮನೆಗೆ ನಲ್ಲಿ ಬಂದ ದಿನ ಹುದ್ದೆ ತಾನಾಗಿಯೇ ರದ್ದು. ಹುದ್ದೆಯೆಂದ ಮೇಲೆ ಉಡುಪು ಬೇಡವೇ? ನೀಲಿ ಕೋಟು ಕೊಟ್ಟರು, ಎಂಟು ಗುಂಡಿ.

ಕ್ಯಾಪ್ಟನ್ ಹೊರಟುಹೋದ ಮೇಲೆ ಹೆಡ್ ಕ್ಲರ್ಕ್ ಕೆಮ್ಮಿದ. ನಿಯಮದ ವಿಷಯದಲ್ಲಿ ಅವನು ಮುಲಾಜು ನೋಡುವವನಲ್ಲ.

“ಅಮ್ಮಾ, ತಮ್ಮ ವಯಸ್ಸು?”

“ಇವನಿಗಿಂತ ಒಂಬತ್ತು ವರ್ಷ ದೊಡ್ಡೋಳು. ಇವನ ಮೂಗು ಒರೆಸಿದೋಳು ನಾನು.”

“ಹಾಗಾದ್ರೆ ನಾಲ್ಕನೇ ನಿಯಮದ ಪ್ರಕಾರ…”

ಜವಾನ ತಾನಾಗಿಯೇ ಎದ್ದ. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯೇ ಆಯಿತು. ತನ್ನ ಕೈಲಾಗದ್ದು ಅಕ್ಕನ ಕೈಲಾಗುತ್ತದೆ. ಅವಳು ಯಾರಿಗೂ ಹೆದರಿದವಳಲ್ಲ. ಹೊರಗೆ ಎಂಜಿನಿಯರ್ ಸರಿದು ಸ್ಟೂಲಿನಲ್ಲಿ ಅರ್ಧ ಜಾಗ ಕೊಟ್ಟರು. ಅಲ್ಲಿಂದಲೇ ಅವನು ಒಳಗೆ ನೋಡಿದ.

ಅಕ್ಕ ಕುರ್ಚಿಯಲ್ಲಿ ಕೂತಳು. ಮೆತ್ತೆ ಮೆತ್ತಗಿತ್ತು, ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಮಂಡಿ ಸುಮ್ಮನಾಯಿತು. ತನ್ನ ಕಡತ ತೆರೆದಳು, ಪೆನ್ನು ಹಿಡಿದಳು. ಪಕ್ಕದಲ್ಲಿದ್ದ ನೇಮಕಾತಿ ಆದೇಶವನ್ನು ಇನ್ನೊಮ್ಮೆ ನಿಧಾನವಾಗಿ ಓದಿದಳು. ಎಂಟು ಗುಂಡಿಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಆಮೇಲೆ ಮುಚ್ಚಳ ಹಾಕಿ, ಕಡತವನ್ನು ಉಳಿದ ಎಂಟುನೂರ ಹನ್ನೊಂದರ ಕೆಳಗೆ ತಳ್ಳಿ, ಗಂಟೆ ಬಾರಿಸಿದಳು.

ಇಬ್ಬರೂ ಒಟ್ಟಿಗೇ ಎದ್ದರು. ಓಡಿ ಅಭ್ಯಾಸವಿದ್ದ ತಮ್ಮನೇ ಮೊದಲು ತಲುಪಿದ.

“ಏನಕ್ಕಾ?”

“ಅಕ್ಕ ಮನೇಲಿ. ಇಲ್ಲಿ ಮೇಡಂ ಅನ್ನು.” ಅವಳು ಕೊಡದ ಕಡೆ ಬೆರಳು ತೋರಿಸಿದಳು. “ಬೀದಿ ಕೊನೆಗೆ ಹೋಗಿ ತುಂಬ್ಕೊಂಡು ಬಾ. ದಿನಾ ಆರು ಕೊಡ. ಒಂದು ಇಲ್ಲಿಗೆ, ಐದು ಮನೆಗೆ.”

ಅವನು ಅಕ್ಕನ ಮುಖ ನೋಡಿದ. ಬಾಗಿ ಕೊಡ ಎತ್ತಿಕೊಂಡ.

“ಆಗಲಿ ಮೇಡಂ.”

ಕೊಡ ಹೊತ್ತು ಅವನು ಮೆಟ್ಟಿಲಿಳಿಯುತ್ತಿದ್ದಾಗ ಹೆಡ್ ಕ್ಲರ್ಕ್ ವರದಿಯ ಮೂರನೇ ಕಾಲಂಗೆ ಒಂದು ಸಾಲು ಸೇರಿಸಿದ: “ಅರ್ಜಿದಾರರ ಮನೆಗೆ ನೀರು ಪ್ರತಿದಿನ, ತಪ್ಪದೆ ತಲುಪುತ್ತಿದೆ.” ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಾದ್ದರಿಂದ ಅಕ್ಕ ಕೂಡಲೇ ಸಹಿ ಹಾಕಿದಳು.